ಪಂಡಿತಾ ರಮಾಬಾಯಿಯವರೂ ಸತ್ಯವೇದವೂ

ಕನ್ನಡ ನಾಡಿನ ಕ್ರೈಸ್ತರಲ್ಲಿ ಬೈಬಲ್ ಗ್ರಂಥಕ್ಕೆ ಸತ್ಯವೇದವೆಂಬ ಹೆಸರು ಬಹುಕಾಲದಿಂದ ರೂಢಿಯಾಗಿದೆ. ಆ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ಒಂದು ದೊಡ್ಡ ವಿಷಯವನ್ನು ಒಪ್ಪಿಕೊಂಡಂತಾಗುತ್ತದೆ. ಈ ಗ್ರಂಥದಲ್ಲಿ ಲೋಪವಿಲ್ಲ, ಇದು ನಂಬತಕ್ಕದ್ದು, ಬದುಕಿನಲ್ಲಿಯೂ ಮರಣದಲ್ಲಿಯೂ ಇದರ ಮೇಲೆ ಭಾರವನ್ನಿಟ್ಟು ನಿಲ್ಲಬಹುದು ಎಂಬುದೇ ಆ ವಿಷಯ. ಕ್ರೈಸ್ತರ ಮನೆಗಳಲ್ಲಿ ಹುಟ್ಟಿದ ನಮ್ಮ ಹುಡುಗಿಯರು ಈ ಹೆಸರನ್ನು ತೊಟ್ಟಿಲಲ್ಲಿಯೇ ಕೇಳಿ, ಅದರ ಅರ್ಥವನ್ನು ವಿಚಾರಿಸುವ ಗೋಜಿಗೆ ಹೋಗದೆ ಬೆಳೆಯುತ್ತಾರೆ. ಇತರ ಮನೆಗಳಿಂದ ಬಂದವರು ಇದು ಕ್ರೈಸ್ತರ ವಾಡಿಕೆಯ ಮಾತೆಂದು ತಿಳಿದು ಸುಮ್ಮನಾಗುತ್ತಾರೆ. ಹುಟ್ಟಿನಿಂದಲೂ ಅಲ್ಲದೆ, ಯಾರ ಒತ್ತಾಯದಿಂದಲೂ ಅಲ್ಲದೆ, ಓದಿ, ಶೋಧಿಸಿ, ದೊಡ್ಡವರೊಡನೆ ವಾದಮಾಡಿ ಈ ನಂಬಿಕೆಗೆ ಬಂದ ಒಬ್ಬ ವಿದುಷಿಯ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬರೆಯಬೇಕೆಂದು ನಮಗೆ ತೋರಿತು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಮನೆಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಇದನ್ನು ಬಿಡುವಾದಾಗ ಓದಬೇಕೆಂದು ಕೋರುತ್ತೇವೆ.

ಪಂಡಿತಾ ರಮಾಬಾಯಿಯವರ ಹೆಸರು ಕೇಳಿದೊಡನೆ ಎಲ್ಲರಿಗೂ ಪುಣೆಯ ನೆನಪು ಬರುವುದು. ಅವರು ಬಾಳಿದ್ದೂ ಬರೆದದ್ದೂ ಹೆಚ್ಚಾಗಿ ಮಹಾರಾಷ್ಟ್ರದಲ್ಲಿಯೇ. ಆದರೆ ಅವರು ಹುಟ್ಟಿದ್ದು ನಮ್ಮ ಕನ್ನಡ ನಾಡಿನ ಪಶ್ಚಿಮಘಟ್ಟಗಳ ನಡುವೆ, ತುಂಗಾ ಭದ್ರಾ ನದಿಗಳು ಉಗಮಿಸುವ ಗಂಗಾಮೂಲದ ಕಾಡಿನಲ್ಲಿ, 1858ನೆಯ ಇಸವಿ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು, ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಅವರು ಬಾಲ್ಯದಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ, ಅವರ ಗುರುಗಳು ಪೇಶ್ವೆಯವರ ಅರಮನೆಗೆ ಹೋಗಿ ರಾಣಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಂಗಸೊಬ್ಬಳು ಶ್ಲೋಕಗಳನ್ನು ಸ್ಪಷ್ಟವಾಗಿ ಹೇಳುವುದನ್ನು ಕೇಳಿದ ಆ ಹುಡುಗನ ಮನಸ್ಸಿನಲ್ಲಿ ತನ್ನ ಮನೆಯ ಹೆಂಗಸರೂ ಹೀಗೆ ಕಲಿಯಬೇಕೆಂಬ ಆಸೆ ನಾಟಿತು. ಮೊದಲನೆಯ ಹೆಂಡತಿಯ ಕಾಲದಲ್ಲಿ ಆ ಆಸೆ ನೆರವೇರಲಿಲ್ಲ. ಆಕೆ ತೀರಿಕೊಂಡ ಬಳಿಕ, ನಡುವಯಸ್ಸಿನಲ್ಲಿ, ಆ ಕಾಲದ ಪದ್ಧತಿಯಂತೆ ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಮದುವೆಯಾಗಿ, ಆಕೆಗೆ ತಾವೇ ಗುರುವಾದರು.

ಊರಿನವರು ಇದನ್ನು ಸಹಿಸಲಿಲ್ಲ. ಹೆಣ್ಣಿಗೆ ದೇವಭಾಷೆಯನ್ನು ಕಲಿಸುವುದು ಶಾಸ್ತ್ರವಿರುದ್ಧವೆಂದು ದೂರು ಹುಟ್ಟಿತು. ಉಡುಪಿಯಲ್ಲಿ ಪಂಡಿತರ ಸಭೆ ಕೂಡಿ ಶಾಸ್ತ್ರಿಗಳನ್ನು ವಿಚಾರಿಸಿತು. ಶಾಸ್ತ್ರಿಗಳು ಶಾಸ್ತ್ರಗಳಿಂದಲೇ ಆಧಾರಗಳನ್ನು ತೆಗೆದು ತೋರಿಸಿ, ಸ್ತ್ರೀಯರಿಗೆ ವೇದವು ನಿಷಿದ್ಧವಾದರೂ ಪುರಾಣ ಕಾವ್ಯಾದಿಗಳನ್ನು ಓದಲು ಅಡ್ಡಿಯಿಲ್ಲವೆಂದು ಸಾಧಿಸಿದರು. ಅಷ್ಟಾದರೂ ನೆರೆಹೊರೆಯ ಬಾಯಿ ನಿಲ್ಲದಿದ್ದುದರಿಂದ ಹೆಂಡತಿಯನ್ನು ಕರೆದುಕೊಂಡು ಗಂಗಾಮೂಲದ ಕಾಡಿಗೆ ಹೋಗಿ ಮನೆಮಾಡಿಕೊಂಡರು. ಶಾಸ್ತ್ರದಲ್ಲಿ ಏನಿದೆಯೆಂದು ಇತರರು ಹೇಳುವ ಮಾತಿಗಿಂತ ಶಾಸ್ತ್ರವನ್ನೇ ತೆರೆದು ನೋಡುವುದು ಮೇಲೆಂಬ ಪಾಠವನ್ನು ಮಗಳು ತಂದೆಯಿಂದಲೇ ಪಡೆದಳೆಂದು ನಾವು ತಿಳಿಯುತ್ತೇವೆ. ಆ ಪಾಠವು ಮುಂದೆ ಆಕೆಯನ್ನು ಎಲ್ಲಿಗೆ ಮುಟ್ಟಿಸಿತೆಂಬುದನ್ನು ನೋಡಿದ್ದರೆ ತಂದೆಯು ಬೆರಗಾಗುತ್ತಿದ್ದರು.

ಇಲ್ಲಿ ನಮ್ಮ ಸೀಮೆಯ ಒಂದು ಮಾತನ್ನು ಸೇರಿಸದೆ ಇರಲಾರೆವು. ಹೆಣ್ಣು ಓದುವುದು ಈ ಕಡೆ ಹೊಸದೇನೂ ಅಲ್ಲ. ಹದಿನೇಳನೆಯ ಶತಮಾನದ ಕಡೆಯಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮನು ಹದಿಬದೆಯ ಧರ್ಮವೆಂಬ ಕಾವ್ಯವನ್ನು ಬರೆದಳು. ಆಕೆ ನಮ್ಮ ಯಳಂದೂರಿನವಳು. ಆದರೆ ಹೊನ್ನಮ್ಮನಂಥವರು ಸಾವಿರಕ್ಕೊಬ್ಬರು. ಬೀದಿಯ ಉಳಿದ ಮನೆಗಳ ಹೆಂಗಸರಿಗೆ ಅಕ್ಷರದ ಬಾಗಿಲು ತೆರೆಯಲು ಇನ್ನೂ ಬಹುಕಾಲ ಬೇಕಾಯಿತು.

ರಮೆಗೆ ಆರು ತಿಂಗಳಾಗುವಷ್ಟರಲ್ಲಿ ಗಂಗಾಮೂಲದ ಮನೆಯೂ ತಪ್ಪಿತು. ಅತಿಥಿ ಸತ್ಕಾರದಲ್ಲಿಯೂ ಶಿಷ್ಯರ ಪೋಷಣೆಯಲ್ಲಿಯೂ ಇದ್ದುದೆಲ್ಲ ಕರಗಿ, ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬುಟ್ಟಿಯಲ್ಲಿಟ್ಟು ಹೊತ್ತು ನಡೆದರು. ಕೊಳ್ಳೇಗಾಲದಿಂದ ಹನೂರಿನ ಹಾದಿಯಲ್ಲಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಮಕ್ಕಳುಮರಿಗಳೊಡನೆ, ಗಂಟುಮೂಟೆಗಳನ್ನು ತಲೆಯ ಮೇಲೆ ಹೊತ್ತು, ಕಾಲ್ನಡೆಯಲ್ಲಿ ಹೋಗುವ ಯಾತ್ರಿಕರನ್ನು ನಮ್ಮ ಓದುಗರು ಬಲ್ಲರು. ಅವರು ಕೆಲವು ದಿನಗಳಲ್ಲಿ ಮನೆಗೆ ಹಿಂದಿರುಗುವರು. ಈ ಕುಟುಂಬಕ್ಕೆ ಹಿಂದಿರುಗಲು ಮನೆಯೇ ಇರಲಿಲ್ಲ. ದೇವಸ್ಥಾನದ ಜಗಲಿಯಲ್ಲಿ, ನದಿಯ ಸೋಪಾನದಲ್ಲಿ ಕುಳಿತು ತಂದೆ, ತಾಯಿ, ಅಣ್ಣ ಶ್ರೀನಿವಾಸ, ಅಕ್ಕ ಕೃಷ್ಣಾಬಾಯಿ ಪುರಾಣವನ್ನು ಓದುವರು. ಕೇಳಿದವರು ಕೊಟ್ಟ ಅಕ್ಕಿ ಕಾಸುಗಳಿಂದ ಜೀವನ ನಡೆಯುವುದು. ತಂದೆಗೆ ವಯಸ್ಸಾಗಿದ್ದುದರಿಂದ ರಮೆಗೆ ಪಾಠ ಹೇಳಿದವರು ತಾಯಿ. ಬೆಳಗಿನ ಜಾವದಲ್ಲಿ ಎಬ್ಬಿಸಿ ಕಲಿಸಿದ ಆ ಪಾಠದ ಫಲವಾಗಿ ಹದಿನೈದು ವರ್ಷ ತುಂಬುವುದರೊಳಗೆ ಭಾಗವತದ ಬಹುಭಾಗ ಆಕೆಗೆ ಕಂಠಸ್ಥವಾಗಿತ್ತು.

ಆ ಬಳಿಕ ಬಂದದ್ದು ಹಸಿವು. ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಕರೆಯುತ್ತಿದ್ದ 1876-78ರ ಮಹಾಕ್ಷಾಮಕ್ಕೆ ಮುಂಚೆಯೇ ದಕ್ಷಿಣದೇಶದಲ್ಲಿ ಕಷ್ಟ ಮೊದಲಾಗಿತ್ತು. ಕೂಲಿ ಮಾಡಲು ಅವರ ಜಾತಿಯ ಹೆಮ್ಮೆ ಬಿಡಲಿಲ್ಲ, ಬೇಡಲು ಬಾಯಿ ಬಾರಲಿಲ್ಲ. ಇದ್ದ ಪಾತ್ರೆ ಪದಾರ್ಥಗಳನ್ನು ಮಾರಿ, ಶಾಸ್ತ್ರದಲ್ಲಿ ಹೇಳಿದಂತೆ ದಾನ ವ್ರತ ಪೂಜೆಗಳನ್ನು ನಡೆಸಿ, ದೇವರು ಕಣ್ತೆರೆಯುವನೆಂದು ಕಾದರು. ಕಡೆಗೆ ಕಾಡಿನಲ್ಲಿ ಸೊಪ್ಪುಸದೆ ತಿನ್ನುವ ಸ್ಥಿತಿ ಬಂದು, ಮುದುಕರಾದ ಶಾಸ್ತ್ರಿಗಳು ಪುಣ್ಯತೀರ್ಥದಲ್ಲಿ ಜಲಸಮಾಧಿಯಾಗಲು ನಿಶ್ಚಯಿಸಿದರು. ಮಗನು ತಾನು ಕೂಲಿಮಾಡಿ ಸಾಕುವೆನೆಂದು ಹೇಳಿದ್ದರಿಂದ ಅದು ತಪ್ಪಿತು. ಆದರೆ 1874ರಲ್ಲಿ ತಂದೆ ನಿತ್ರಾಣದಿಂದಲೇ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ ಹೋದರು. ಹೊರಲು ನಾಲ್ಕು ಜನ ಕೂಡದೆ ತಾಯಿಯ ಚಟ್ಟಕ್ಕೆ ರಮಾಬಾಯಿಯೇ ಹೆಗಲು ಕೊಡಬೇಕಾಯಿತು. ಕುಳ್ಳಾಗಿದ್ದುದರಿಂದ ಹೆಗಲಿಗೆ ಎಟುಕದೆ ತಲೆಯ ಮೇಲೆ ಹೊತ್ತರು. ಅಕ್ಕನೂ ಬಹುಕಾಲ ಉಳಿಯಲಿಲ್ಲ. ಅಣ್ಣತಂಗಿಯರಿಬ್ಬರೇ ಉತ್ತರದಲ್ಲಿ ಕಾಶ್ಮೀರದವರೆಗೆ ನಡೆದರು. ಗ್ರಂಥಗಳಲ್ಲಿ ಹೇಳಿದ್ದನ್ನೆಲ್ಲ ಅಕ್ಷರಶಃ ನಡೆಸಿದ ತಂದೆತಾಯಿಗಳಿಗೆ ಈ ಗತಿಯಾಯಿತಲ್ಲಾ ಎಂಬ ಪ್ರಶ್ನೆಯು ಆ ನಡೆಯಲ್ಲಿಯೇ ಆಕೆಯೊಳಗೆ ಮೊಳೆಯಿತು.

1878ರಲ್ಲಿ ಇಬ್ಬರೂ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ಈ ಹುಡುಗಿಯ ಸಂಸ್ಕೃತವನ್ನು ಕೇಳಿ ದಂಗಾಗಿ ಪಂಡಿತಾ ಎಂತಲೂ ಸರಸ್ವತೀ ಎಂತಲೂ ಬಿರುದುಗಳನ್ನು ಕೊಟ್ಟರು. ಆ ದಿನಗಳಲ್ಲಿ ಕ್ರೈಸ್ತರ ಒಂದು ಕೂಟಕ್ಕೆ ಅಣ್ಣತಂಗಿಯರಿಗೆ ಆಹ್ವಾನ ಬಂದಿತು. ಪ್ರಾರ್ಥನೆಯ ಸಮಯದಲ್ಲಿ ಎಲ್ಲರೂ ಕುರ್ಚಿಗಳ ಮುಂದೆ ಮೊಣಕಾಲೂರಿದುದನ್ನು ನೋಡಿ, ಈ ಜನರು ಕುರ್ಚಿಯನ್ನು ಪೂಜಿಸುವವರೆಂದು ಆಕೆ ತಿಳಿದರಂತೆ! ಅಲ್ಲಿಂದ ಹೊರಡುವಾಗ ಅವರಿಗೆ ಸಂಸ್ಕೃತದ ಬೈಬಲ್ ಒಂದನ್ನು ಕೊಟ್ಟರು. ಪಂಡಿತರಿಗೆ ಸಂಸ್ಕೃತದ ಗ್ರಂಥವೇ ತಕ್ಕದ್ದೆಂದು ಕೊಟ್ಟವರು ಯೋಚಿಸಿರಬೇಕು. ನಡೆದದ್ದು ಬೇರೆ. ತಾವು ಬಲ್ಲ ಕಾವ್ಯ ಪುರಾಣಗಳ ಸಂಸ್ಕೃತಕ್ಕೂ ಇದಕ್ಕೂ ಹೊಂದಿಕೆಯೇ ಇಲ್ಲದೆ, ವಿಷಯವೂ ತಿಳಿಯದೆ, ಇದನ್ನು ಓದುವುದು ಕಾಲಹರಣವೆಂದು ಎತ್ತಿಟ್ಟುಬಿಟ್ಟರು. ಮುಂದೆ ಯಾವ ಗ್ರಂಥವನ್ನು ಲೋಪವಿಲ್ಲದ ದೇವರ ವಾಕ್ಯವೆಂದು ಹಿಡಿದರೋ ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಆದದ್ದು ಇಷ್ಟೇ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಅದೇ ಊರಿನಲ್ಲಿ ಗೋಷೆಯ ಹೆಂಗಸರಿಗೆ ಸ್ತ್ರೀಧರ್ಮವನ್ನು ಕುರಿತು ಉಪನ್ಯಾಸ ಮಾಡಬೇಕೆಂದು ಆಕೆಯನ್ನು ಕೇಳಿಕೊಂಡರು. ಅದಕ್ಕಾಗಿ ಧರ್ಮಶಾಸ್ತ್ರಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಉಳಿದ ವಿಷಯಗಳಲ್ಲಿ ಒಂದಕ್ಕೊಂದು ಒಪ್ಪದ ಆ ಗ್ರಂಥಗಳು ಹೆಂಗಸು ಸ್ವಭಾವದಿಂದ ಹೀನಳೆಂಬುದರಲ್ಲಿಯೂ, ಆಕೆಗೆ ಗಂಡನ ಸೇವೆಯ ಹೊರತು ಬೇರೆ ಗತಿಯಿಲ್ಲವೆಂಬುದರಲ್ಲಿಯೂ ಒಮ್ಮತವಾಗಿವೆಯೆಂದು ತಮಗೆ ಕಂಡಿತೆಂದು ರಮಾಬಾಯಿಯವರು ತಮ್ಮ ಸಾಕ್ಷ್ಯದಲ್ಲಿ ಬರೆದಿದ್ದಾರೆ. ಹಿಂದೂ ಸಹೋದರರಲ್ಲಿಯೂ ಈ ತೀರ್ಮಾನವನ್ನು ಒಪ್ಪದ ವಿದ್ವಾಂಸರುಂಟು. ಆ ವಾದಕ್ಕೆ ಇದು ಸ್ಥಳವಲ್ಲ. ಕೇಶವಚಂದ್ರಸೇನರು ಆಕೆಯ ಕೈಗೆ ವೇದವನ್ನೇ ಕೊಟ್ಟು ಓದಲು ಹೇಳಿದಾಗ, ತಂದೆಯೂ ದಾಟದಿದ್ದ ಗೆರೆಯನ್ನು ದಾಟಲೋ ಬೇಡವೋ ಎಂದು ಹಿಂಜರಿದು, ಕಡೆಗೆ ಓದಿದರು. ಮನಸ್ಸು ನೆಲೆನಿಲ್ಲಲಿಲ್ಲ.

1880ರಲ್ಲಿ ಅಣ್ಣನು ಢಾಕಾದಲ್ಲಿ ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ದಾಸ ಮೇಧಾವಿ ಎಂಬ ಬಂಗಾಳಿ ವಕೀಲರನ್ನು, ಜಾತಿಯನ್ನು ಲೆಕ್ಕಿಸದೆ, ಸರ್ಕಾರದ ಕಾನೂನಿನಂತೆ ಮದುವೆಯಾದರು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ. ಆ ಮನೆಯ ಪುಸ್ತಕಗಳ ನಡುವೆ ಒಂದು ದಿನ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಆಕೆಯ ಕೈಗೆ ಸಿಕ್ಕಿತು. ಚಿಕ್ಕ ಹೊತ್ತಗೆ, ಯಾರು ತಂದಿಟ್ಟರೋ ಆಕೆಗೂ ತಿಳಿಯದು. ಸಂಸ್ಕೃತದ ದೊಡ್ಡ ಗ್ರಂಥವು ಮುಚ್ಚಿದ್ದ ಬಾಗಿಲನ್ನು ಮನೆಮಾತಿನ ಈ ಹೊತ್ತಗೆಯು ತೆರೆಯಿತು. ಆಸಕ್ತಿಯಿಂದ ಓದಿದರು. ಐಸಾಕ್ ಆಲನ್ ಎಂಬ ಬ್ಯಾಪ್ಟಿಸ್ಟ್ ಬೋಧಕರು ಬಂದು ಆದಿಕಾಂಡದ ಸೃಷ್ಟಿಯ ವೃತ್ತಾಂತವನ್ನು ವಿವರಿಸಿದರು. ಕ್ರೈಸ್ತಳಾಗುವೆನೆಂದು ಆಕೆ ಹೇಳಿದಾಗ, ಮಿಷನ್ ಶಾಲೆಯಲ್ಲಿ ಓದಿದ್ದ ಗಂಡನಿಗೇ ಅಸಮಾಧಾನವಾಯಿತು. ಆಲನ್ನರು ಮತ್ತೆ ಬಾರದಂತೆ ಮಾಡಿದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ಮೃತಪಟ್ಟನು. ಇಪ್ಪತ್ತುನಾಲ್ಕು ವರ್ಷ ತುಂಬುವುದರೊಳಗೆ ಹಸುಗೂಸಿನ ವಿಧವೆ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದುದನ್ನೂ, ಮರಾಠಿಯಲ್ಲಿ ಸ್ತ್ರೀಧರ್ಮನೀತಿಯೆಂಬ ಪುಸ್ತಕವನ್ನು ಬರೆದುದನ್ನೂ, 1882ರ ಹಂಟರ್ ವಿದ್ಯಾ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ಲೇಡಿ ಡಾಕ್ಟರುಗಳೂ ಬೇಕೆಂದು ಸಾಕ್ಷ್ಯ ನುಡಿದುದನ್ನೂ ವಿಸ್ತರಿಸದೆ ಮುಂದೆ ಹೋಗುತ್ತೇವೆ. ಅಲ್ಲಿ ಮಿಸ್ ಹರ್ಫರ್ಡ್ ಎಂಬ ಮಿಷನರಿಯಿಂದ ಇಂಗ್ಲೀಷನ್ನೂ ಹೊಸ ಒಡಂಬಡಿಕೆಯನ್ನೂ ಕಲಿಯತೊಡಗಿದರು. ವೈದ್ಯಶಾಸ್ತ್ರ ಓದುವ ಆಸೆಯಿಂದ 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕನ್ಯಾಮಠದಲ್ಲಿ ಆಶ್ರಯ ದೊರೆಯಿತು.

ಆ ಮಠದ ಸಹೋದರಿಯರು ಲಂಡನ್ನಿನ ಫುಲ್‌ಹಾಮಿನಲ್ಲಿ ಒಂದು ಆಶ್ರಮವನ್ನು ನಡೆಸುತ್ತಿದ್ದರು. ದಾರಿತಪ್ಪಿದ ಹೆಂಗಸರನ್ನು ಅಲ್ಲಿ ಬಿಡದೆ ಸಾಕಿ, ತಿದ್ದಿ, ಮರ್ಯಾದೆಯ ಬಾಳಿಗೆ ತರುತ್ತಿದ್ದರು. ರಮಾಬಾಯಿಯವರು ಅದನ್ನು ನೋಡಿ ಬೆರಗಾದರು. ಅಂಥ ಹೆಂಗಸರನ್ನು ಮುಟ್ಟುವವರೂ ಉಂಟೆಂಬುದನ್ನು ಅವರು ಅದುವರೆಗೆ ಕಂಡಿರಲಿಲ್ಲ. ನೀವು ಇವರನ್ನೇಕೆ ಪ್ರೀತಿಸುತ್ತೀರೆಂದು ಕೇಳಿದಾಗ ಸಹೋದರಿಯೊಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿಸಿದರು. ಬಾವಿಯ ಕಟ್ಟೆಯ ಮೇಲೆ ಕುಳಿತ ಯೇಸುಸ್ವಾಮಿಯು, ಐದು ಗಂಡಂದಿರನ್ನು ಕಂಡ ಸಮಾರ್ಯದ ಹೆಂಗಸಿನೊಡನೆ ದೇವರ ಆರಾಧನೆಯ ವಿಷಯವನ್ನು ಮಾತನಾಡಿದ ಅಧ್ಯಾಯ ಅದು. ಹೆಂಗಸಿಗೂ ಪುರುಷನಿಗೂ ಒಂದೇ ಬಾಗಿಲನ್ನು ತೆರೆದ ಮಾತು ಅಲ್ಲಿ ಆಕೆಗೆ ಸಿಕ್ಕಿತು. ಆ ವರ್ಷ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು.

ಸಾಮಾನ್ಯವಾಗಿ ನಮ್ಮ ಸಭೆಗಳಲ್ಲಿ ಹೇಳುವ ಚರಿತ್ರೆಗಳು ಇಲ್ಲಿ ಮುಗಿಯುತ್ತವೆ: ದೀಕ್ಷೆಯಾಯಿತು, ಸಂಶಯ ಹೋಯಿತು, ಸಮಾಧಾನ ಬಂದಿತು. ರಮಾಬಾಯಿಯವರ ವಿಷಯದಲ್ಲಿ ಕಷ್ಟವಾದ ಭಾಗವು ಇಲ್ಲಿಂದಲೇ ಆರಂಭವಾಗುತ್ತದೆ. ಹಾಗೆ ಆರಂಭವಾದುದರಿಂದಲೇ ಅವರ ನಂಬಿಕೆಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ.

ಮಠದ ಸಿಸ್ಟರ್ ಜೆರಾಲ್ಡೀನರು ಆಕೆಗೆ ಧರ್ಮಮಾತೆಯಂತಿದ್ದರು. ಸಭೆಯ ಪುರಾತನ ವಿಶ್ವಾಸಪ್ರಮಾಣಗಳನ್ನೂ ಬಿಷಪ್ಪರ ಉಪದೇಶವನ್ನೂ ವಿನಯದಿಂದ ಒಪ್ಪಿಕೊಳ್ಳುವುದು ಹೊಸ ವಿಶ್ವಾಸಿಯ ಕರ್ತವ್ಯವೆಂದು ಅವರ ಅಭಿಪ್ರಾಯ. ರಮಾಬಾಯಿಯವರು ಒಪ್ಪಲಿಲ್ಲ. ತ್ರೈಯೇಕತ್ವದ ವಿಷಯದಲ್ಲಿ, ಕ್ರಿಸ್ತನ ಜನನದ ವಿಷಯದಲ್ಲಿ, ಅಥನಾಸಿಯನ ಪ್ರಮಾಣದ ವಿಷಯದಲ್ಲಿ ಅವರಿಗೆ ಸಂಶಯಗಳಿದ್ದವು; ಅವನ್ನು ಮುಚ್ಚಿಡದೆ ಬರೆದರು. ಅವರ ವಾದದ ಸಾರವಿಷ್ಟೆ. ಹುಟ್ಟಿದ ಮತದಲ್ಲಿ ಪುರೋಹಿತರು ಹೇಳಿದ್ದೇ ಶಾಸ್ತ್ರವೆಂದು ನಂಬಿ ಬಾಳಿದ್ದಾಯಿತು. ಬಹು ಕಷ್ಟದಿಂದ ಆ ನೊಗವನ್ನು ಇಳಿಸಿದ್ದಾಯಿತು. ಇನ್ನೊಂದು ನೊಗಕ್ಕೆ ಕತ್ತನ್ನು ಕೊಡುವಂತಿಲ್ಲ. ಸತ್ಯವೇದದಲ್ಲಿ ಇದೆಯೆಂದು ತಾವೇ ಓದಿ ಕಂಡದ್ದಕ್ಕೆ ತಲೆಬಾಗುವರು. ಇದೆಯೆಂದು ಇತರರು ಹೇಳಿದ ಮಾತ್ರಕ್ಕೆ ಬಾಗರು. ಸಿಸ್ಟರ್ ಜೆರಾಲ್ಡೀನರು ನೊಂದರು, ಇದು ಅಹಂಕಾರವೆಂದರು. ರಮಾಬಾಯಿಯವರು ಸಂಸ್ಕೃತ ಪಾಠ ಹೇಳುತ್ತಿದ್ದ ಚೆಲ್ಟನ್‌ಹ್ಯಾಮ್ ಹೆಣ್ಣುಮಕ್ಕಳ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲರು ಹೆಚ್ಚು ತಾಳ್ಮೆಯಿಂದ, ಪ್ರಶ್ನೆಗೆ ಪ್ರಶ್ನೆಯಾಗಿ, ಉತ್ತರಗಳನ್ನು ಬರೆದರು. ಈ ಪತ್ರಗಳೆಲ್ಲ ಉಳಿದು 1977ರಲ್ಲಿ ಪುಸ್ತಕವಾಗಿ ಅಚ್ಚಾಗಿವೆ. ಓದಿದವರಿಗೆ ಎರಡು ಪಕ್ಷದ ಪ್ರೀತಿಯೂ ಕಾಣುತ್ತದೆ, ನೋವೂ ಕಾಣುತ್ತದೆ. ಸಿಸ್ಟರರನ್ನು ನಾವು ನಿಂದಿಸುವುದಿಲ್ಲ. ಮಕ್ಕಳನ್ನು ಸಾಕಿದವರಿಗೆ ಅವರ ಕಳವಳ ಅರ್ಥವಾಗುವುದು. ಆದರೆ ಗ್ರಂಥವು ನಂಬತಕ್ಕದ್ದೆಂದು ಹೇಳಿ, ಅದನ್ನು ತಾನಾಗಿ ಓದಿ ಅರ್ಥಮಾಡುವ ಹುಡುಗಿಗೆ ಹೆದರುವುದು ಸರಿಯಲ್ಲವೆಂದೇ ನಮ್ಮ ಎಣಿಕೆ.

ಕ್ರಿಸ್ತನ ದೈವತ್ವವನ್ನು ರಮಾಬಾಯಿಯವರು ಮುಂದೆ ಮನಃಪೂರ್ವಕವಾಗಿ ಒಪ್ಪಿದರು. ಗ್ರಂಥದಲ್ಲಿಯೇ ಅದನ್ನು ಕಂಡುಕೊಂಡು ಒಪ್ಪಿದರು. ಉಡುಗೆ ಊಟಗಳಲ್ಲಿ ಮಾತ್ರ ಕಡೆಯವರೆಗೂ ಭಾರತೀಯರೇ, ಮಾಂಸವನ್ನು ಮುಟ್ಟಲಿಲ್ಲ. ಶಿಲುಬೆಯ ಮೇಲೆ ತಮ್ಮ ಜನಕ್ಕೆ ತಿಳಿಯದ ಲ್ಯಾಟಿನ್ ಮಾತೇಕೆ, ಸಂಸ್ಕೃತವಿರಲಿ ಎಂದು ಆ ದಿನಗಳಲ್ಲಿಯೇ ವಾದಿಸಿದ್ದರು. ಸಂಸ್ಕೃತವೂ ಸಾಲದೆಂಬುದು ಅವರಿಗೆ ತಿಳಿದದ್ದು ಆಮೇಲೆ.

1886ರಲ್ಲಿ, ಬಂಧುವಾದ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯಪದವಿ ಪಡೆಯುವುದನ್ನು ನೋಡಲು ಅಮೆರಿಕಕ್ಕೆ ಹೋಗಿ, ಅಲ್ಲಿ ಇಂಗ್ಲೀಷಿನಲ್ಲಿ ಉಚ್ಚಜಾತಿಯ ಹಿಂದೂ ಸ್ತ್ರೀಯನ್ನು ಕುರಿತ ಪ್ರಸಿದ್ಧ ಪುಸ್ತಕವನ್ನು 1887ರಲ್ಲಿ ಪ್ರಕಟಿಸಿದರು. ಅಲ್ಲಿಯ ಜನರ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಯಾರ ಮತಕ್ಕೂ ಕೈಹಾಕುವುದಿಲ್ಲವೆಂಬುದು ಸದನದ ನಿಯಮ. ಆದರೆ ರಮಾಬಾಯಿಯವರು ತಮ್ಮ ಪ್ರಾರ್ಥನೆಯನ್ನು ಬಾಗಿಲು ಮುಚ್ಚಿ ಮಾಡುತ್ತಿರಲಿಲ್ಲ. ಇಷ್ಟಪಟ್ಟ ಹುಡುಗಿಯರು ಬಂದು ಕುಳಿತರು. ಕೆಲವರು ಮತಾಂತರಕ್ಕೆ ಸಿದ್ಧರಾದರೆಂಬ ಸುದ್ದಿ ಹಬ್ಬಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ದೊಡ್ಡವರು ಸಲಹಾ ಮಂಡಲಿಯನ್ನು ಬಿಟ್ಟರು. ಪೋಷಕರು ಅನೇಕ ಹುಡುಗಿಯರನ್ನು ಕರೆದುಕೊಂಡು ಹೋದರು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಮಗಳನ್ನು ನಂಬಿ ಒಪ್ಪಿಸಿದ ತಂದೆಯ ಕೋಪವನ್ನು ನಾವು ಅಲ್ಪವೆಂದು ಎಣಿಸಲಾರೆವು. ಮಿಷನ್ ಶಾಲೆಗೆ ಮಗಳನ್ನು ಕಳುಹಿಸುವ ಎಷ್ಟೋ ತಂದೆತಾಯಿಗಳ ಮನಸ್ಸಿನಲ್ಲಿ ಈ ಪ್ರಶ್ನೆ ಇಂದಿಗೂ ಉಂಟು.

ಈ ಗದ್ದಲಕ್ಕೆ ಸ್ವಲ್ಪ ಮುಂಚೆ, ದೀಕ್ಷೆಯಾಗಿ ಎಂಟು ವರ್ಷಗಳಾದ ಮೇಲೆ, ತಮಗೆ ಕ್ರೈಸ್ತಮತವು ಸಿಕ್ಕಿತೇ ಹೊರತು ಕ್ರಿಸ್ತನು ಸಿಕ್ಕಲಿಲ್ಲವೆಂಬ ಅರಿವು ಅವರಿಗೆ ಉಂಟಾಯಿತು. ಅಲ್ಲಿಂದ ಮುಂದೆ ಗ್ರಂಥವನ್ನು ಓದಿದ ರೀತಿ ಬೇರೆ. ಮೊದಲು ನ್ಯಾಯಾಧಿಪತಿಯು ದಸ್ತಾವೇಜನ್ನು ನೋಡುವಂತೆ ನೋಡುತ್ತಿದ್ದವರು, ಈಗ ಮನೆಯಿಂದ ಬಂದ ಕಾಗದವನ್ನು ಓದುವಂತೆ ಓದತೊಡಗಿದರು. ಆ ನಂಬಿಕೆಯು ಪರೀಕ್ಷೆಗೆ ಬರಲು ತಡವಾಗಲಿಲ್ಲ. 1896-97ರಲ್ಲಿ ಮಧ್ಯಪ್ರಾಂತಗಳಲ್ಲಿ ಬರಗಾಲ ಬಂದಿತು. ಹಸಿವಿನ ರುಚಿಯನ್ನು ಬಲ್ಲ ರಮಾಬಾಯಿಯವರು ಅಲ್ಲಿಗೆ ಹೋಗಿ ನೂರಾರು ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದರು. ಪುಣೆಯಲ್ಲಿ ಪ್ಲೇಗು. ಕೊಂಡಿದ್ದ ಕೇಡಗಾಂವದ ಹೊಲದಲ್ಲಿ ಮೊದಲು ಗುಡಿಸಲುಗಳೆದ್ದವು, ಆಮೇಲೆ ಕಟ್ಟಡಗಳು. ಅದೇ ಮುಕ್ತಿ ಸದನ. 1899-1900ರ ಇನ್ನೊಂದು ಕ್ಷಾಮ ಕಳೆಯುವಷ್ಟರಲ್ಲಿ ಅಲ್ಲಿ ಸುಮಾರು ಎರಡು ಸಾವಿರ ಜನರಿದ್ದರು. ನೇಯ್ಗೆ, ಒಕ್ಕಲುತನ, ಎಣ್ಣೆಗಾಣ, ಹೈನು, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು.

ಅಷ್ಟು ಜನರಿಗೆ ಅನ್ನ ಬಟ್ಟೆಗಳಾದ ಮೇಲೆ ಅಕ್ಷರ. ಅಕ್ಷರವಾದ ಮೇಲೆ ಸತ್ಯವೇದ. ಇಲ್ಲಿ ಹಳೆಯ ತೊಡಕು ಎದುರಾಯಿತು. ಬಳಕೆಯಲ್ಲಿದ್ದ ಮರಾಠಿ ಬೈಬಲ್ಲಿನ ಭಾಷೆ ಪಂಡಿತರ ಭಾಷೆ. ಹಳ್ಳಿಯಿಂದ ಬಂದ ವಿಧವೆಗೆ ಪ್ರತಿಯೊಂದು ಸಾಲಿಗೂ ಯಾರಾದರೂ ಅರ್ಥ ಹೇ��ಬೇಕು. ಅರ್ಥ ಹೇಳುವವನೇ ಗ್ರಂಥಕ್ಕೆ ಒಡೆಯನಾಗುವನೆಂಬುದನ್ನು ರಮಾಬಾಯಿಯವರು ಎರಡು ಮತಗಳಲ್ಲಿಯೂ ಕಂಡಿದ್ದರು. ಅಲ್ಲದೆ ಅನೇಕ ಸಂಸ್ಕೃತ ಶಬ್ದಗಳು ತಮ್ಮ ಹಳೆಯ ಅರ್ಥಗಳನ್ನು ಹೊತ್ತುಕೊಂಡೇ ಬಂದು, ಓದುವವಳ ಮನಸ್ಸನ್ನು ಬೇರೆ ಕಡೆಗೆ ಎಳೆಯುತ್ತಿದ್ದವು. ಕನ್ನಡದಲ್ಲಿಯೂ ಹೀಗೆಯೇ. ವಿಮೋಚನೆಯೆಂದರೆ ನಮ್ಮ ಹನೂರಿನ ಕಡೆಯ ಅಜ್ಜಿಗೆ ಏನು ತಿಳಿದೀತು? ಬಿಡುಗಡೆಯೆಂದರೆ ಮುಖ ಅರಳುವುದು. ಮನೆಯಲ್ಲಿ ತಮಿಳು, ಸಂತೆಯಲ್ಲಿ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡವಾಗಿರುವ ನಮ್ಮ ಗಡಿಸೀಮೆಯ ಹುಡುಗಿಯರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದುದರಿಂದ ಇಡೀ ಗ್ರಂಥವನ್ನು ಸರಳ ಮರಾಠಿಗೆ ತಾವೇ ಭಾಷಾಂತರಿಸಲು ನಿಶ್ಚಯಿಸಿದರು. ಆಗ ಅವರಿಗೆ ನಲವತ್ತಾರು ವರ್ಷ ದಾಟಿತ್ತು. ಕಿವಿ ಬಹುಮಟ್ಟಿಗೆ ಹೋಗಿತ್ತು. ಸಾವಿರಾರು ಜನರ ಭಾರ ತಲೆಯ ಮೇಲಿತ್ತು. ಇಂಗ್ಲೀಷಿನಿಂದ ಮಾಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಮೂಲವು ದೇವರ ವಾಕ್ಯ, ಭಾಷಾಂತರವು ಮನುಷ್ಯರ ಕೈಕೆಲಸ ಎಂದು ನಂಬಿದವರಿಗೆ ನಡುವೆ ಇನ್ನೊಂದು ಭಾಷಾಂತರವನ್ನು ಇಡಲು ಮನಸ್ಸೊಪ್ಪಲಿಲ್ಲ. ಹೀಬ್ರೂ ಕಲಿತರು, ಗ್ರೀಕು ಕಲಿತರು. ಕಲಿತದ್ದನ್ನು ತಮ್ಮ ಹೆಂಗಸರಿಗೂ ದೊರಕಿಸಲು ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನೇ ಬರೆದರು. ಬರದಲ್ಲಿ ಬಂದು ಸೇರಿದ ಹುಡುಗಿಯರು ಅಚ್ಚುಮೊಳೆ ಜೋಡಿಸಲು ಕಲಿತರು. ಮೊದಲಕ್ಷರವನ್ನು ಹತ್ತಾರು ವರ್ಷ ವಯಸ್ಸಾದ ಮೇಲೆ ಕಲಿತ ಕೈಗಳೇ ಜೋಡಿಸಿದವು, ಅಚ್ಚೊತ್ತಿದವು, ಹೊಲಿದು ರಟ್ಟು ಕಟ್ಟಿದವು.

ಅದೇ ಕಾಲದಲ್ಲಿ ಯೂರೋಪಿನ ವಿದ್ಯಾಪೀಠಗಳಲ್ಲಿ ಈ ಗ್ರಂಥದ ಭಾಗಗಳನ್ನು ಯಾರು, ಯಾವಾಗ ಬರೆದರೆಂದು ಶೋಧಿಸುವ ವಿಮರ್ಶೆಯು ಬಲವಾಗಿತ್ತು. ಅನೇಕ ಬೋಧಕರ ನಂಬಿಕೆ ಸಡಿಲಿತ್ತು. ರಮಾಬಾಯಿಯವರು ಗ್ರಂಥವನ್ನು ಮೊದಲಿನಿಂದ ಕಡೆಯವರೆಗೆ ದೇವರದೆಂದೇ ಹಿಡಿದರು. ಇದನ್ನು ಕೇಳಿ ಮುಗುಳ್ನಗುವ ವಿದ್ವಾಂಸರಿದ್ದಾರೆ. ಆ ಶೋಧನೆಯಿಂದ ತಿಳಿದ ಸಂಗತಿಗಳನ್ನು ನಾವೂ ತಳ್ಳಿಹಾಕುವುದಿಲ್ಲ. ಆದರೆ ಇದು ಓದದವರ ನಂಬಿಕೆಯಲ್ಲ. ಗ್ರಂಥಗಳನ್ನು ನಂಬಿ ಮನೆಮಂದಿಯನ್ನೆಲ್ಲ ಕಳೆದುಕೊಂಡು, ಯಾವ ಗ್ರಂಥವನ್ನೂ ಸುಲಭವಾಗಿ ನಂಬಲಾರದೆ ಹೋಗಿದ್ದ ಹೆಂಗಸು, ಸಾಲುಸಾಲನ್ನೂ ಮೂಲಭಾಷೆಯಲ್ಲಿ ತಡವಿ ನೋಡಿ ಉಳಿಸಿಕೊಂಡ ನಂಬಿಕೆ.

ಭಾಷಾಂತರವು ಲೋಪವಿಲ್ಲದ್ದೆಂದು ಅವರು ಎಂದೂ ಎಣಿಸಲಿಲ್ಲ; ತಿದ್ದಿದರು, ಮತ್ತೆ ತಿದ್ದಿದರು. ನಮ್ಮ ಕನ್ನಡ ಸತ್ಯವೇದದ ಚರಿತ್ರೆಯೂ ಅಂಥದ್ದೇ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ಮೊದಲು ಮಾಡಿದ ಭಾಷಾಂತರವು 1830ರ ಸುಮಾರಿಗೆ ಪೂರ್ಣವಾಯಿತು. ಬಳಿಕ ಲಂಡನ್, ವೆಸ್ಲಿಯನ್, ಬಾಸೆಲ್ ಮಿಷನ್ನುಗಳವರು ಕೂಡಿ ಅದನ್ನು ತಿದ್ದಿದರು. ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ತಿದ್ದುಪಡಿಯಾಯಿತು. ಹ್ಯಾಂಡ್ಸರ ಕಾಲದಲ್ಲಿಯೇ, ಮೈಸೂರು ಸೀಮೆಯಲ್ಲಿ ಬಹುವರ್ಷ ಸೇವೆಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾರವರು, 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಈ ದೇಶದವರ ಕೈಗೆ ಅವರ ಭಾಷೆಯ ಬೈಬಲ್ಲನ್ನು ಕೊಡುವುದರಿಂದ ಪ್ರಯೋಜನವಿಲ್ಲವೆಂದು ವಾದಿಸಿದ್ದರು. ಆಗಿನ ಭಾಷಾಂತರಗಳು ಒರಟಾಗಿದ್ದುದು ನಿಜವೇ. ಕಲ್ಕತ್ತೆಯಲ್ಲಿ ಸಂಸ್ಕೃತದ ಬೈಬಲ್ಲನ್ನು ಎತ್ತಿಟ್ಟ ರಮಾಬಾಯಿಯನ್ನು ಅವರು ತಮ್ಮ ಪಕ್ಷದ ಸಾಕ್ಷಿಯಾಗಿ ಕರೆಯಬಹುದಾಗಿತ್ತು. ಸಿಲ್ಚಾರಿನಲ್ಲಿ ಲೂಕನ ಸುವಾರ್ತೆಯನ್ನು ಓದಿದ ರಮಾಬಾಯಿಯು ಮಾತ್ರ ಎದುರುಪಕ್ಷದ ಸಾಕ್ಷಿ.

ಕಡೆಯ ವರ್ಷಗಳಲ್ಲಿ ಅವರ ದೃಷ್ಟಿ ಮತ್ತೆ ಹುಟ್ಟಿದ ನಾಡಿನ ಕಡೆಗೆ ತಿರುಗಿತು. ಆಗ ನಿಜಾಮರ ರಾಜ್ಯದಲ್ಲಿದ್ದ ಕಲಬುರಗಿಯಲ್ಲಿ, 1913ರ ಸುಮಾರಿಗೆ, ಮಗಳು ಮನೋರಮೆಯ ಮೇಲ್ವಿಚಾರಣೆಯಲ್ಲಿ ಶಾಲೆಯೊಂದನ್ನು ತೆರೆದರು. ಹೊಸ ಒಡಂಬಡಿಕೆಯು ಅವರ ಜೀವಿತಕಾಲದಲ್ಲಿಯೇ ಮುಕ್ತಿಯ ಅಚ್ಚುಕೂಟದಿಂದ ಹೊರಬಂದಿತು. 1919ರಲ್ಲಿ ಸರ್ಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ಅದರಿಂದ ಅವರ ದಿನಚರಿಯಲ್ಲಿ ಏನೂ ಬದಲಾಗಲಿಲ್ಲ. ಮುಕ್ತಿಯ ಭಾರವನ್ನು ಹೊರುವಳೆಂದು ನಂಬಿದ್ದ ಮನೋರಮಾಬಾಯಿಯವರು 1921ರ ಜುಲೈ ತಿಂಗಳಲ್ಲಿ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ತಾಯಿಯು ಮೇಜಿನ ಮುಂದೆ ಕುಳಿತು ಹಳೇ ಒಡಂಬಡಿಕೆಯ ಕೆಲಸವನ್ನು ಮುಂದುವರಿಸಿದರು. ಕರಡಚ್ಚುಗಳನ್ನು ತಿದ್ದಿ ಮುಗಿಸಿದ ಬೆನ್ನಲ್ಲಿಯೇ, 1922ನೆಯ ಇಸವಿ ಏಪ್ರಿಲ್ 5ರಂದು, ನಿದ್ರೆಯಲ್ಲಿಯೇ ಅವರ ಪ್ರಾಣ ಹೋಯಿತು. ಅರುವತ್ತನಾಲ್ಕು ತುಂಬಲು ಇನ್ನೂ ಕೆಲವು ದಿನಗಳಿದ್ದವು.

ಮರಾಠಿ ಸಭೆಗಳು ಹೆಚ್ಚಾಗಿ ಬೈಬಲ್ ಸೊಸೈಟಿಯ ಭಾಷಾಂತರವನ್ನೇ ಬಳಸುತ್ತ ಬಂದವು. ರಮಾಬಾಯಿಯವರದು ದೇವಾಲಯಗಳ ಪೀಠದ ಮೇಲಿನ ಗ್ರಂಥವಾಗಲಿಲ್ಲ. ಇಡೀ ಗ್ರಂಥವು ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ, 1924ರಲ್ಲಿ, ಅಚ್ಚಾಗಿ ಮುಗಿಯಿತು. ಅಷ್ಟರಲ್ಲಿ ಕ್ಷಾಮದ ವರ್ಷ ಕೇಡಗಾಂವಕ್ಕೆ ಬಂದ ಹುಡುಗಿಯರು ನಡುವಯಸ್ಸಿನ ಹೆಂಗಸರಾಗಿದ್ದರು. ತಾವು ಅಚ್ಚೊತ್ತಿ ಕಟ್ಟಿದ ಆ ಗ್ರಂಥವನ್ನು ಯಾರ ಸಹಾಯವೂ ಇಲ್ಲದೆ ಅವರು ಓದಬಲ್ಲವರಾಗಿದ್ದರು.